ವಲ್ಲಿಯೊಳಗಿನ ಕೈ

ಬಲಗೈ ಎಂಬುದು ಎಲ್ಲರಿಗೂ ಇರುತ್ತದೆ. ಆದರೆ ದಲ್ಲಾಳಿ ನೀಲಕಂಠಸ್ವಾಮಿಯ ಬಲಗೈಯಂಥದು ಇಡೀ ಮೈಸೂರು ಸೀಮೆಗೆ ಒಂದೇ. ಗುಂಡ್ಲುಪೇಟೆಯ ದನದ ಸಂತೆಯಲ್ಲಿ ಆ ಕೈ ಹೆಗಲ ವಲ್ಲಿಬಟ್ಟೆಯ ಕೆಳಗೆ ಹೊಕ್ಕು ಬೆರಳೊತ್ತಿ ಬೆಲೆ ಹೇಳಿತೆಂದರೆ ಬಡಕಲು ಎತ್ತಿಗೂ ಡುಬ್ಬ ಬರುತ್ತಿತ್ತು, ಊಟಿ ರಸ್ತೆಯ ಲಾರಿಗಳು ಬ್ರೇಕು ಹಾಕಿ ನೋಡುತ್ತಿದ್ದವು, ಗೋಪಾಲಸ್ವಾಮಿ ಬೆಟ್ಟದ ಮಂಜು ಕೂಡ ವ್ಯಾಪಾರ ಕುದುರುವ ತನಕ ಕೆಳಗಿಳಿಯುತ್ತಿರಲಿಲ್ಲ. ಇದನ್ನು ಹೇಳಿದವರು ಯಾರೆಂದರೆ ನೀಲಕಂಠಸ್ವಾಮಿಯೇ. ಅಲ್ಲವೆನ್ನುವ ಧೈರ್ಯ ಮಾತ್ರ ಸಂತೆಯಲ್ಲಿ ಯಾರಿಗೂ ಬಂದಿರಲಿಲ್ಲ. ಆಣೆ ಹೋಗಿ ನಯಾ ಪೈಸೆ ಬಂದು ಊರೆಲ್ಲ ಚಿಲ್ಲರೆ ಹಿಡಿದು ಕಣ್ಣು ಕಣ್ಣು ಬಿಡುತ್ತಿದ್ದ ಆ ವರ್ಷದಲ್ಲೂ ಅವನೊಬ್ಬನೇ ತಲೆ ಕೆಡಿಸಿಕೊಂಡಿರಲಿಲ್ಲ. ಬೆರಳಿಗೆ ಆಣೆಯೂ ಇಲ್ಲ, ಪೈಸೆಯೂ ಇಲ್ಲ. ಆ ಕೈ ಈ ಬೆಳಿಗ್ಗೆ ಅಂಬಲಿಯ ಬಟ್ಟಲಿನ ಪಕ್ಕದಲ್ಲಿ, ಅವನ ಮೊಣಕಾಲಿನ ಮೇಲೆ, ಯಾರೋ ಬಸ್ಸಿನಲ್ಲಿ ಮರೆತುಹೋದ ಸಾಮಾನಿನಂತೆ ಅಂಗಾತ ಬಿದ್ದಿತ್ತು. ಅವನು ಅದನ್ನು ನೋಡುತ್ತಿದ್ದ. ಅದು ತನ್ನನ್ನು ನೋಡುತ್ತಿದೆಯೆಂದು ಅನ್ನಿಸಿ ಮಗುಚಿ ಹಾಕಿದ.

"ರಾಗಿ ಗುಡಾಣ ಕೆರ್ದಾಯ್ತು ಕಣಪ್ಪ" ಎಂದಳು ಗುರುಮಲ್ಲಮ್ಮ ಒಲೆಯ ಮುಂದಿನಿಂದ. "ಇನ್ನೇನಿದ್ರೂ ತಳದ ಮಣ್ಣೇಯ. ಇವತ್ತಾದ್ರೂ ಸಂತೇಲಿ ಬರೀ ಬಾಯಾಡಿಸ್ಕಂಡು ಬರ್ಬೇಡ."

"ಹಂಗಳದ ಚಿಕ್ಕಮಲ್ಲಪ್ಪ ಕರ್ದವ್ನೆ ಕಣಕ್ಕ. ಜೋಡಿ ಎತ್ತು. ಅಂಥ ಎತ್ತು ಈ ಭೂಮಂಡಲ್ದಲ್ಲೇ..."

"ಭೂಮಂಡಲ ಆಮೇಲ್ ನೋಡಾನ. ಒಂದೀಟು ರಾಗಿ ತಕ್ಕಬಾ. ನಾನು ಸಂಜೆ ಬಸ್ಗೆ ಊರಿಗೆ ಓಯ್ತೀನಿ."

ಅಕ್ಕ ಮುಖ ತಿರುಗಿಸದೆ ಹೇಳಿದಳು. ಊರು ಅಂದರೆ ಚಾಮರಾಜನಗರ. ಮಗಳನ್ನು ಮಣ್ಣು ಮಾಡಲು ಬಂದವಳು ತಮ್ಮನಿಗೆ ಬೇಯಿಸಿ ಹಾಕುತ್ತ ಇಲ್ಲೇ ಉಳಿದುಬಿಟ್ಟಿದ್ದಳು. ತಾನು ಹೋದರೆ ಈ ಮನೆಯಲ್ಲಿ ಒಂದು ಬಾಯಿ ಕಡಿಮೆಯಾಗುತ್ತದೆಂದು ಅವಳ ಲೆಕ್ಕ. ಅದು ಅವನಿಗೂ ಗೊತ್ತಿತ್ತು, ಅವನಿಗೆ ಗೊತ್ತೆಂಬುದು ಅವಳಿಗೂ ಗೊತ್ತಿತ್ತು, ಆದ್ದರಿಂದ ಇಬ್ಬರೂ ಸಾರಿನ ಉಪ್ಪಿನ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಸಾರು ದಿನದಿಂದ ದಿನಕ್ಕೆ ಎಷ್ಟು ತಿಳಿಯಾಗುತ್ತ ಬಂದಿತ್ತೆಂದರೆ ಬಗ್ಗಿದರೆ ಅದರೊಳಗೆ ಮನೆಯ ತೊಲೆಗಳೆಲ್ಲ ಕಾಣುತ್ತಿದ್ದವು, ತೊಲೆಯ ಮೇಲಿನ ಹಲ್ಲಿಯೂ ಕಾಣುತ್ತಿತ್ತು. ಅವಳು ಅವನಿಗೆ ಬಡಿಸಿ, ತನಗೆ ಹಸಿವಿಲ್ಲವೆಂದು ಪಾತ್ರೆಯನ್ನು ಮಗುಚಿಡುತ್ತಿದ್ದಳು. ಅಕ್ಕ ಸುಳ್ಳು ಹೇಳುತ್ತಿದ್ದಾಳೆಂದು ಗೊತ್ತಿದ್ದೂ ಉಣ್ಣುತ್ತಿದ್ದ ತನ್ನ ಗಂಟಲಿನ ಸದ್ದು ಅವನಿಗೆ ಎಮ್ಮೆ ನೀರು ಕುಡಿಯುವ ಸದ್ದಿನಂತೆ ಕೇಳಿಸುತ್ತಿತ್ತು. ಈ ಅಕ್ಕನ ಮಗಳನ್ನೇ ಅವನು ಕೇಳಿ ಮದುವೆಯಾಗಿ ತಂದದ್ದು. "ನಿನ್ ಮಗ್ಳನ್ನ ಅಂಗೈ ಮೇಲೆ ಇಟ್ಕತೀನಿ ಕಣಕ್ಕ" ಎಂದು ಎಂಟೂರು ನೆಂಟರ ಎದುರಿಗೆ ಹೇಳಿದ್ದ. ಮಕ್ಕಳಾಗಲಿಲ್ಲ, ಅಂಗೈಯಲ್ಲಿ ಜಾಗ ಸಾಕಷ್ಟಿತ್ತು. ಜ್ವರ ಹತ್ತಿದಾಗಲೂ ಅವನು ಹೇಳಿದ್ದು ಅದೇ ಧಾಟಿಯ ಮಾತು. ಚಾಮರಾಜನಗರಕ್ಕೆ ಹೊರಟ ಬಸ್ಸಿನ ಕಂಡಕ್ಟರು, "ಅಕ್ಕೋರ್ಗೆ ಏನಾರ ಯೋಳ್ಬೇಕಾ ಸ್ವಾಮೇರೇ" ಎಂದು ಕೇಳಿದ್ದಕ್ಕೆ, "ಈ ನೀಲಕಂಠ ಇರೋ ಮನೇಲಿ ಜ್ವರಕ್ಕೇನ್ ಕೆಲ್ಸ? ಸಂತೆ ದಿನದೊತ್ಗೆ ಎದ್ದು ಓಡಾಡ್ತಾಳೆ ಬುಡು" ಎಂದು ಬೀಡಿ ಹಚ್ಚಿದ್ದ. ಹಾಗೆಂದು ಅವನು ಹೇಳಿದಾಗ ಎಂಥ ಜ್ವರವೂ ನಿಜವಾಗಿ ಇಳಿಯುವಂತೆ ತೋರುತ್ತಿತ್ತು. ಆ ಕಂಡಕ್ಟರೂ ನಂಬಿದ, ಅವನೂ ನಂಬಿದ. ಹೆಂಡತಿ ಶಾಂತಮಲ್ಲಮ್ಮ ಮಾತ್ರ ನಂಬಲಿಲ್ಲವೋ ಏನೋ. ಅಕ್ಕನಿಗೆ ಸುದ್ದಿ ಮುಟ್ಟಿ ಅವಳು ಬಂದಿಳಿಯುವಾಗ ಶಾಂತಳನ್ನು ವಿಭೂತಿ ಹಚ್ಚಿ ಕೂರಿಸಿಯಾಗಿತ್ತು.

ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಅವನು ಹೊರಗೆ ಬಿದ್ದ. ಸಂತೆಯ ದಾರಿಯಲ್ಲಿ ಈರುಳ್ಳಿ ಮೂಟೆಯ ಗಾಡಿಗಳು ಒಂದರ ಬಾಲಕ್ಕೆ ಒಂದು ಹತ್ತಿಕೊಂಡು ನಿಂತಿದ್ದವು. ಎದುರಿಗೆ ಬಂದವರೆಲ್ಲ ಅವನ ಮುಖ ನೋಡಿ, ಆಮೇಲೆ ಕೈ ನೋಡಿ, ಆಮೇಲೆ ಬೇರೆ ಕಡೆ ನೋಡಿದರು. ಹಿಂದಿನ ಸಂತೆಯ ಸುದ್ದಿ ಕೇರಳದ ಗಡಿ ದಾಟಿ ಅಲ್ಲಿಯ ದನಗಳಿಗೂ ಗೊತ್ತಾಗಿರಬೇಕು. ಹಾಲು ಕರೆಯುವ ಎಮ್ಮೆಯನ್ನು ಕರುವಿನ ಬೆಲೆಗೆ ಕೊಟ್ಟುಬಿಟ್ಟಿದ್ದ. ವಲ್ಲಿಯ ಕೆಳಗೆ ಎದುರಾಳಿ ಎಷ್ಟು ಬೆರಳು ಹಿಡಿದನೋ, ತಾನು ಎಷ್ಟು ಅಂದುಕೊಂಡನೋ, ತಲೆಯಾಡಿಸಿದ್ದ. ಆಡಿಸಿದ ಮೇಲೆ ಮಾತು ಮುಗಿಯಿತು. ಎಮ್ಮೆಯ ಒಡತಿ, ಒಬ್ಬ ಮುದುಕಿ, ಜಗಳ ಆಡಲಿಲ್ಲ. ಹಗ್ಗ ಬಿಚ್ಚಿ ಕೊಟ್ಟು, "ಪಾಪ, ಹೆಂಡ್ರು ಸತ್ತವ್ರೆ" ಎಂದು ಪಕ್ಕದವಳಿಗೆ ಹೇಳಿದಳು. ಬೈದಿದ್ದರೆ ಅವನು ಒಂದು ರಾತ್ರಿಯಲ್ಲಿ ಮರೆಯುತ್ತಿದ್ದ. ಆ ಪಾಪ ಎಂಬ ಮಾತು ಅಂಗಿಗೆ ಅಂಟಿದ ಉತ್ತರಾಣಿಯ ಕಾಯಿಯಂತೆ ಇನ್ನೂ ಚುಚ್ಚುತ್ತಿತ್ತು. ಇವತ್ತೂ ಹಾಗಾದರೆ ಇನ್ನು ಯಾರೂ ಅವನ ಕೈಗೆ ಹಗ್ಗ ಕೊಡುವುದಿಲ್ಲ. ಹಗ್ಗ ಕೊಡದಿದ್ದರೆ ಗುಡಾಣದಲ್ಲಿ ತಳದ ಮಣ್ಣು.

ಕೈಗೆ ನೋವಿರಲಿಲ್ಲ, ಬಾವಿರಲಿಲ್ಲ. ಯಾರಾದರೂ ಬೆರಳು ಹಿಡಿದರೆ ಅದು ಸಂತೆ ಬಿಟ್ಟು ಆ ಮಧ್ಯಾಹ್ನಕ್ಕೆ ಹೋಗಿಬಿಡುತ್ತಿತ್ತು, ಅಷ್ಟೆ. ಆ ಮಧ್ಯಾಹ್ನ ಶಾಂತಳ ಬಾಯಿ ಆಗಲೇ ನಿಂತುಹೋಗಿತ್ತು. ಅವನು ಕಂಬಳಿಯ ಪಕ್ಕದಲ್ಲಿ ಕೂತು, ಅವಳು ಎದ್ದ ಮೇಲೆ ಮಲೆ ಮಾದೇಶ್ವರನ ಬೆಟ್ಟಕ್ಕೆ ಕರೆದುಕೊಂಡು ಹೋಗುವುದನ್ನೂ, ದಾರಿಯಲ್ಲಿ ಕೊಳ್ಳೇಗಾಲದ ಸೀರೆ ತೆಗೆಯುವುದನ್ನೂ, ಒಂದು ಸೀರೆ ಎರಡಾಗಿ ಎರಡು ನಾಲ್ಕಾಗಿ ಬಣ್ಣಿಸುತ್ತಿದ್ದ. ಅಷ್ಟರಲ್ಲಿ ಕಂಬಳಿಯ ಕೆಳಗಿನಿಂದ ಅವಳ ಎಡಗೈ ಬಂದು ಅವನ ಬಲಗೈಯನ್ನು ಹಿಡಿಯಿತು. ಹಿಡಿದು, ಮೂರು ಬೆರಳನ್ನು ಒತ್ತಿತು. ಬಿಟ್ಟಿತು. ಮತ್ತೆ ಎರಡನ್ನು ಒತ್ತಿತು. ಕಂಬಳಿ ಮೇಲೆ, ಕೈ ಕೆಳಗೆ. ಇಷ್ಟು ಕಾಲ ಬಟ್ಟೆಯ ಕೆಳಗೆ ಬಂದ ಕೈಯೆಲ್ಲ ಬೆಲೆ ಹೇಳುವ ಕೈಯೇ. ಅವನ ತಲೆ ಅವನನ್ನು ಕೇಳಲಿಲ್ಲ. ತಾನಾಗಿ ಮೂರು, ಆಮೇಲೆ ಎರಡು ಎಂದು ಕೂಡಿಸಿಕೊಂಡಿತು, ಹತ್ತರಲ್ಲೋ ನೂರರಲ್ಲೋ ಎಂದು ಲೆಕ್ಕ ಹಾಕಿತು, ಅಷ್ಟಕ್ಕೂ ನಿಲ್ಲದೆ, ಜಾಸ್ತಿಯಾಯಿತು ಎನ್ನುವಂತೆ ಅವನ ಕೈ ಅವಳ ಕಿರುಬೆರಳನ್ನು ಹಿಡಿದು ಮಡಚಿತು. ದಲ್ಲಾಳಿಯ ಕೈ ಹಾಗೆಯೇ ಮಾಡುತ್ತದೆ, ಇಳಿಸು ಎನ್ನುತ್ತದೆ. ಅವಳು ಇಳಿಸಿದಳು. ಕೈ ಸಡಿಲವಾಯಿತು. ಅವನು ಇನ್ನೊಂದು ಸಲ ಒತ್ತುತ್ತಾಳೆಂದು ಕಾಯುತ್ತ ಕೂತಿದ್ದ, ವ್ಯಾಪಾರ ಇನ್ನೂ ಮುಗಿದಿಲ್ಲ ಎಂಬ ಹಾಗೆ. ಕಾಯುತ್ತಿರುವಾಗಲೇ ಬಾಗಿಲಲ್ಲಿ ನಿಂತಿದ್ದ ನೆರೆಯವಳು ಬಾಯಿಗೆ ಸೆರಗು ಇಟ್ಟುಕೊಂಡಳು.

ಏನು ಕೇಳಿದಳು? ಕೇಳಿದ್ದಕ್ಕೆ ತಾನು ಇಳಿಸು ಎಂದ. ಸಮಾಧಿಯ ಗುಣಿಯಲ್ಲಿ ಕೂರಿಸುವಾಗ ಅಯ್ಯನವರು ಅವಳ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಅದೇ ಕೈ. ಅವನು ಮೇಲೆ ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ನಿಂತು, ಎಲ್ಲರೂ ಶಿವ ಶಿವ ಎನ್ನುತ್ತಿದ್ದಾಗ, ಯಾವ ಬೆರಳನ್ನು ಮೊದಲು ಮಡಚಿದರು ಎಂದು ನೋಡುತ್ತಿದ್ದ. ಬಿಲ್ವಪತ್ರೆ ಬಿತ್ತು, ವಿಭೂತಿ ಬಿತ್ತು, ಹಿಡಿ ಹಿಡಿ ಮಣ್ಣು ಬಿತ್ತು. ಮಾತಾಡಿಸಲು ಬಂದವರಿಗೆಲ್ಲ ಅವನು ಏಳು ಜನ ಡಾಕ್ಟರು ಬಂದದ್ದನ್ನೂ, ಅದರಲ್ಲಿ ಒಬ್ಬರು ಮೈಸೂರಿನಿಂದ ಕಾರಿನಲ್ಲಿ ಬಂದದ್ದನ್ನೂ ಹೇಳಿದ. ಬಂದವನು ಒಬ್ಬನೇ, ಸೈಕಲ್ಲಿನ ಮೇಲೆ. ಅಕ್ಕನಿಗೆ, "ಕೊನೇಲಿ ಅವ್ವಾ ಅಂದ್ಲು ಕಣಕ್ಕ, ಮೂರು ಕಿತ ಅಂದ್ಲು" ಎಂದ. ಅಕ್ಕ ಎದ್ದು ಹೋಗಿ ಒಲೆ ಹಚ್ಚಿದಳು.

ಸಂತೆಮಾಳದಲ್ಲಿ ಚಿಕ್ಕಮಲ್ಲಪ್ಪ ಎತ್ತುಗಳ ನಡುವೆ ನಿಂತಿದ್ದ. ಎತ್ತುಗಳು ಎಷ್ಟು ಬೆಳ್ಳಗಿದ್ದವೆಂದರೆ ಸುತ್ತಲಿನ ದನಗಳೆಲ್ಲ ಮೈ ತೊಳೆಯದ ಹಾಗೆ ಕಾಣುತ್ತಿದ್ದವು. "ನಿನ್ ಕೈಗೇ ಕೊಡ್ತಾವ್ನಿ ಕಣಯ್ಯ" ಎಂದ ಚಿಕ್ಕಮಲ್ಲಪ್ಪ, ಹಗ್ಗವನ್ನು ಮಾತ್ರ ಬಿಡದೆ. "ನಮ್ಮಪ್ಪನ ಕಾಲ್ದಿಂದ ನಿಮ್ಮನೆ ಕೈಯೇ ಅಂತ. ಓದ್ ಸಂತೇದು ನಾನೂ ಕೇಳ್ದೆ. ಅಂಗೇನಾರ ಮಾಡೀಯ, ನೋಡು."

ಕೊಳ್ಳುವವನು ಚಾಮರಾಜನಗರದ ಒಬ್ಬ ರೇಷ್ಮೆ ಸಾಹುಕಾರ. ಅವನ ಪರವಾಗಿ ಬಂದವನು ದೊಡ್ಡಯ್ಯ. ದೊಡ್ಡಯ್ಯ ಇನ್ನೊಬ್ಬ ದಲ್ಲಾಳಿ. ಹೊಟ್ಟೆ ಮೊದಲು ಸಂತೆಗೆ ಬಂದು, ಅವನು ಆಮೇಲೆ ಬರುತ್ತಿದ್ದ. ಅವನು ನಶ್ಯ ಏರಿಸಿ ಸೀನಿದರೆ ತೆರಕಣಾಂಬಿಯ ತನಕ ಕೋಳಿಗಳು ಗೂಡು ಸೇರುತ್ತಿದ್ದವು. ಈ ದೊಡ್ಡಯ್ಯನನ್ನು ನೀಲಕಂಠಸ್ವಾಮಿ ಎಷ್ಟು ಸಂತೆಗಳಲ್ಲಿ ಎಷ್ಟು ಜನರ ಎದುರಿಗೆ ನಗೆಪಾಟಲು ಮಾಡಿರಲಿಲ್ಲ? "ದೊಡ್ಡಯ್ಯನ ಬೆರಳು ದಪ್ಪ ಕಣ್ರಪ್ಪ, ಒಂದು ಹಿಡಿದ್ರೆ ಎರಡು ಅಂತ ತಿಳ್ಕಬೇಕು" ಎಂದು ನಗಿಸಿದ್ದ. ಇವತ್ತು ಅದನ್ನೆಲ್ಲ ತೀರಿಸಿಕೊಳ್ಳುತ್ತಾನೆ.

"ಏನ್ಲಾ ನೀಲಕಂಠ, ಬಂದಾ?" ಎಂದು ದೊಡ್ಡಯ್ಯ ತನ್ನ ವಲ್ಲಿಯನ್ನು ಝಾಡಿಸಿದ. "ತಾ ಕೈಯ."

ಜನ ಒತ್ತಿ ನಿಂತರು. ವಲ್ಲಿ ಇಬ್ಬರ ಕೈಗಳ ಮೇಲೆ ಬಿತ್ತು. ದೊಡ್ಡಯ್ಯನ ಬೆರಳು ಅವನ ಬೆರಳನ್ನು ಹಿಡಿಯಿತು, ಒಂದು, ಮತ್ತೊಂದು. ಅಲ್ಲಿಗೆ ಸಂತೆ ಹೋಯಿತು. ಕಂಬಳಿಯ ಉಣ್ಣೆಯ ಕಮಟು ಮೂಗಿಗೆ ಬಂತು, ಜ್ವರದ ಬಿಸಿ ಮಣಿಕಟ್ಟಿನ ತನಕ ಏರಿತು, ಮೂರು ಎಂದು ತಲೆ ಎಣಿಸಿತು, ಎರಡು ಎಂದಿತು. ತಾನು ಈಗ ಏನು ಮಾಡಬೇಕು, ಬೆರಳು ಮಡಚಬೇಕೇ, ಬಿಡಿಸಬೇಕೇ, ಮಡಚಿದರೆ ಈ ಕೈಯೂ ಸಡಿಲವಾಗುತ್ತದೆಯೇ. ಅವನು ಮಡಚಲಿಲ್ಲ. ದೊಡ್ಡಯ್ಯನ ಇಡೀ ಕೈಯನ್ನು ಹಿಡಿದುಕೊಂಡ, ಬಾವಿಯಲ್ಲಿ ಬಿದ್ದವನು ಹಗ್ಗ ಹಿಡಿಯುವ ಹಾಗೆ ಹಿಡಿದುಕೊಂಡ, ಬಿಡಲಾಗಲಿಲ್ಲ. ಅಂಥ ಹಿಡಿತಕ್ಕೆ ಬೆಲೆಯೇ ಇಲ್ಲ. ದೊಡ್ಡಯ್ಯ ತಲೆ ಎತ್ತಿ ಅವನ ಮುಖ ನೋಡಿದ. ಈಗ ವಲ್ಲಿ ಎಳೆಯುತ್ತಾನೆ. ಎಳೆದು, ನೋಡ್ರಪ್ಪ ಇವನ ಕೈಯ ಅವಸ್ಥೆಯ ಅನ್ನುತ್ತಾನೆ. ಜನ ನಗುತ್ತಾರೆ. ಚಿಕ್ಕಮಲ್ಲಪ್ಪ ಹಗ್ಗ ಎಳೆದುಕೊಳ್ಳುತ್ತಾನೆ.

"ಏ, ಓಗಯ್ಯ ಅತ್ಲಾಗೆ" ಎಂದು ದೊಡ್ಡಯ್ಯ ಗಟ್ಟಿಯಾಗಿ ಹೇಳಿದ. "ಅಷ್ಟು ಕೊಡೋದಾದ್ರೆ ಅರಮನೆ ಆನೇನೇ ಹೊಡ್ಕಂಡು ಓಯ್ತೀನಿ."

ಜನ ಓಹೋ ಎಂದರು. ನೀಲಕಂಠಸ್ವಾಮಿ ಏನನ್ನೂ ಹೇಳಿರಲಿಲ್ಲ. ವಲ್ಲಿಯ ಕೆಳಗೆ ದೊಡ್ಡಯ್ಯನ ಹೆಬ್ಬೆರಳು ಅವನ ಗೆಣ್ಣುಗಳ ಮೇಲೆ ಮೆಲ್ಲಗೆ ಸವರುತ್ತಿತ್ತು, ಬೆಚ್ಚಿದ ಎತ್ತಿನ ಕೊರಳ ಗಂಗೆದೊಗಲನ್ನು ಸವರುವ ಹಾಗೆ. ಇದು ಯಾವ ಲೆಕ್ಕ ಎಂದು ಅವನು ಹುಡುಕಿದ. ಅರ್ಧವೇ, ಕಾಲೇ, ಹೊಸ ಪೈಸೆಯ ಲೆಕ್ಕವೇ. ಹುಡುಕಿದಷ್ಟೂ ಅಲ್ಲಿ ಲೆಕ್ಕ ಇರಲಿಲ್ಲ. ಬರೀ ಕೈ ಇತ್ತು, ನಶ್ಯದ ಪುಡಿ ಹತ್ತಿದ, ಹಗ್ಗ ಎಳೆದೆಳೆದು ಕಾಯಿಗಟ್ಟಿದ ಕೈ.

"ನೋಡ್ರಪ್ಪ ಇವನ್ ಹಟವ. ಜಗ್ಗಾನೇ ಇಲ್ಲ" ಎಂದು ದೊಡ್ಡಯ್ಯ ಜನರ ಕಡೆ ತಿರುಗಿ ಗೋಳಾಡಿದ. ಆಮೇಲೆ ಮೂಗು ಒರೆಸಿಕೊಳ್ಳುವವನಂತೆ ತಲೆ ತಗ್ಗಿಸಿ, ತುಟಿ ಅಲುಗಿಸದೆ ಹೇಳಿದ: "ಅಳಬೇಡ ಕಣ್ಲಾ, ಜನ ಅವ್ರೆ. ಮೂಗ್ನಲ್ಲಿ ಉಸ್ರು ತಕ್ಕ. ಬೆಲೆ ನಾನ್ ಕಟ್ತೀನಿ. ನಾನು ಕೆಮ್ಮುದಾಗ ತಲೆ ಆಡ್ಸು."

ಗುಂಡ್ಲುಪೇಟೆಗೆ ಸಂತೆ ಹುಟ್ಟಿದಂದಿನಿಂದ ಅಂಥ ವ್ಯಾಪಾರ ನಡೆದಿರಲಿಲ್ಲ. ದೊಡ್ಡಯ್ಯ ಕೂಗಿದ, ಹಣೆ ಚಚ್ಚಿಕೊಂಡ, ಸಾಹುಕಾರನ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಾರೆಂದು ಸಾಹುಕಾರನ ಎದುರಿಗೇ ಹೇಳಿದ, ಎರಡು ಸಲ ವಲ್ಲಿ ಕೊಡವಿ ಹೋಗುವವನಂತೆ ಮಾಡಿದ, ಕೈ ಮಾತ್ರ ಬಿಡಲಿಲ್ಲ. ಈರುಳ್ಳಿ ಗಾಡಿಯವರು ಗಾಡಿ ಬಿಟ್ಟು ಬಂದರು. ಒಬ್ಬನೇ ಮನುಷ್ಯ ಇಬ್ಬರ ಜಗಳವನ್ನು ಅಷ್ಟು ಚೆನ್ನಾಗಿ ಆಡಿದ್ದನ್ನು ಯಾರೂ ಕಂಡಿರಲಿಲ್ಲ; ಆಗಲೂ ಕಾಣಲಿಲ್ಲ. ಅಷ್ಟು ಹೊತ್ತೂ ನೀಲಕಂಠಸ್ವಾಮಿ ಎತ್ತಿನ ಕೊಂಬಿನ ಮೇಲೆ ಕೂತ ಒಂದು ನೊಣವನ್ನು ನೋಡುತ್ತ ಮೂಗಿನಲ್ಲಿ ಉಸಿರಾಡುತ್ತಿದ್ದ. ದೊಡ್ಡಯ್ಯ ಕೆಮ್ಮಿದ. ಅವನು ತಲೆಯಾಡಿಸಿದ. ಕಟ್ಟಿದ ಬೆಲೆ ಎತ್ತಿಗೆ ತಕ್ಕ ಬೆಲೆಯೇ. ಚಿಕ್ಕಮಲ್ಲಪ್ಪನ ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಅಯ್ಯೋ ಶಿವ್ನೆ, ನೀಲಕಂಠನ ಕೈ ವಾಪಸ್ ಬತ್ತು ಕಣ್ರಲಾ" ಎಂದು ಯಾರೋ ಹಿಂದಿನಿಂದ ಅಂದರು. ಅವನ ಬೆನ್ನು ಚುರುಗುಟ್ಟಿತು.

ದಲ್ಲಾಳಿ ಹಣ ಸೊಂಟಕ್ಕೆ ಬಂದಾಗ ಅವನು ದೊಡ್ಡಯ್ಯನನ್ನು ಹುಣಸೆಮರದ ಹಿಂದಕ್ಕೆ ಕರೆದು ಅದನ್ನು ಅವನ ಮುಂದೆ ಹಿಡಿದ.

"ನಿಂದೇಯ, ತಕ್ಕ. ನಿನ್ ಹಂಗು ನಂಗ್ ಬ್ಯಾಡ."

"ಬಾಯ್ ಮುಚ್ಕಂಡ್ ಮಡೀಕ" ಎಂದ ದೊಡ್ಡಯ್ಯ. "ನಮ್ಮವ್ಳು ಸತ್ತೋದಾಗ ನಂಗೆ ಮನ್ಷರ ಕೈ ಸಿಕ್ನಿಲ್ಲ ಕಣ್ಲಾ. ಕೊಟ್ಟಿಗೇಲಿ ಎಮ್ಮೆ ಕೊಂಬು ಹಿಡ್ಕಂಡು ಕೂತಿರ್ತಿದ್ದೆ. ಕೊನೆಕೊನೇಗೆ ಎಮ್ಮೇನೇ ನನ್ ಕಂಡ್ರೆ ಎದ್ದೋಗದು." ನಶ್ಯದ ಡಬ್ಬಿ ತಟ್ಟಿದ. "ಸಂತೇಲಿ ಯಾರ್ಗೂ ಯೋಳಕಿಲ್ಲ, ಅದ್ಕೆ ಯದರ್ಬ್ಯಾಡ. ಮನೇಲಿ ಯಾರವ್ರೆ?"

"ಅಕ್ಕ."

"ಅಕ್ಕೋರ್ಗೆ ಯೋಳಿದ್ಯಾ?"

"ಏನ?"

"ನಂಗೇನ್ ಗೊತ್ತು ಏನಂತ? ಅದೇನ್ ಇಟ್ಕಂಡಿದ್ದೀಯೋ ಅದ." ದೊಡ್ಡಯ್ಯ ಸೀನಲು ಮುಖ ಮೇಲೆತ್ತಿ, ಸೀನು ಬಾರದೆ, ಹೊರಟುಹೋದ.

ರಾಗಿಯ ಗಂಟು ಹೊತ್ತು ಮನೆಗೆ ಬರುವಾಗ ಅವನ ಬಾಯಲ್ಲಿ ಆಗಲೇ ಕಥೆ ತಯಾರಾಗುತ್ತಿತ್ತು. ದೊಡ್ಡಯ್ಯ ಕಾಲಿಗೆ ಬಿದ್ದದ್ದು, ಸಾಹುಕಾರ ಬೆವರಿದ್ದು, ಜನ ತನ್ನನ್ನು ಎತ್ತಿಕೊಂಡು ಕುಣಿಯಲು ಬಂದದ್ದು, ತಾನು ಬೇಡವೆಂದದ್ದು. ಹೇಳದೆ ಇರುವುದು ಹೇಗೆಂದೇ ಅವನಿಗೆ ತಿಳಿಯದು. ಗುರುಮಲ್ಲಮ್ಮ ಸೀರೆಯನ್ನು ಗಂಟು ಕಟ್ಟಿ ಜಗಲಿಯ ಮೇಲಿಟ್ಟು ಕೂತಿದ್ದಳು. ರಾಗಿ ನೋಡಿ ಎದ್ದಳು.

"ಇವತ್ತು ಸಂತೇಲಿ ಕಣಕ್ಕ, ಆ ದೊಡ್ಡಯ್ಯ..."

"ಕಿವಿ ಬುಡು" ಎಂದಳು ಅಕ್ಕ.

"ಏನ?"

"ಚಿಕ್ಕ ಹೈದ್ನಾಗಿದ್ದಾಗ್ನಿಂದ ನೋಡ್ತಾವ್ನಿ. ಸುಳ್ ಯೋಳ್ವಾಗ ಎಡಗಿವಿ ಹಿಡ್ಕತೀಯೆ. ಅವತ್ತು, ಶಾಂತ ಅವ್ವಾ ಅಂದ್ಲು ಅಂದಾಗ್ಲೂ ಹಿಡ್ಕಂಡಿದ್ದೆ."

ಅವನ ಕೈ ಕಿವಿಯಿಂದ ಇಳಿಯಿತು. ಬೀದಿಯಲ್ಲಿ ಯಾರದೋ ಗಾಡಿ ಹೋಯಿತು. ಅದು ಹೋಗಿ ಸದ್ದು ಪೂರಾ ನಿಲ್ಲುವ ತನಕ ಅವನು ಕಾದ, ನಿಂತ ಮೇಲೆ ಇನ್ನು ಕಾಯಲು ಏನೂ ಉಳಿಯಲಿಲ್ಲ.

"ಅನ್ನಿಲ್ಲ ಕಣಕ್ಕ" ಎಂದ. "ಬಾಯಿ ನಿಂತೋಗಿತ್ತು. ಕಂಬ್ಳಿ ಕೆಳ್ಗೆ ನನ್ ಕೈ ಹಿಡ್ದು ಒತ್ತುದ್ಲು. ನಾನು... ಅದೇನೋ ಬೆಲೆ ಯೋಳ್ತಾವ್ಳೆ ಅಂತ ತಿಳ್ಕಂಡೆ. ಜಾಸ್ತಿ ಆಯ್ತು ಅಂತ ಬೆರಳು ಮಡಚ್ದೆ. ಆಮೇಲೆ ಬುಟ್ಬುಟ್ಲು."

ಹೇಳಿದ ಮೇಲೆ ಅದು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ, ಇಷ್ಟು ದಿನ ಮನೆಯ ತೊಲೆ ಮುರಿಯುವಷ್ಟು ಭಾರವಾಗಿದ್ದದ್ದು ಇದೇನಾ ಎಂದು ಅವನಿಗೇ ಅನುಮಾನವಾಯಿತು. ಅಕ್ಕ ಅವನನ್ನು ನೋಡುತ್ತಿದ್ದಳು. ಆಮೇಲೆ ಅವಳ ಕೈ ಬೀಸಿ ಬಂದು ಅವನ ಬಲಗೈಯ ಮೇಲೆ ಬಿತ್ತು. ಏಟು ಬಿದ್ದ ಸದ್ದಿಗೆ ಪಕ್ಕದ ಮನೆಯ ಹಸು ಕತ್ತು ಹೊರಳಿಸಿರಬೇಕು.

"ಸಾಯೋ ಮಗ್ಳ ಕೈಗೂ ಯಾಪಾರ ಮಾಡ್ದೆಯಾ? ಅವ್ಳ್ ಕೈಗೂ ಇಳ್ಸು ಅಂದೆಯಾ?"

"ಅಂದೆ."

ಅವಳು ಜಗಲಿಯ ಮೇಲೆ ಕುಸಿದು ಕೂತಳು. ಮಣ್ಣು ಮಾಡಿದ ದಿನವೂ ಅಳದವಳು ಈಗ ಬಾಯಿಗೆ ಸೆರಗನ್ನೂ ಇಟ್ಟುಕೊಳ್ಳದೆ ಅತ್ತಳು. ಅವನು ಎದುರಿಗೆ ನಿಂತೇ ಇದ್ದ. ಸಮಾಧಾನ ಹೇಳಲು ಅವನಿಗೆ ದೊಡ್ಡ ದೊಡ್ಡ ಮಾತುಗಳೇ ಗೊತ್ತಿದ್ದವು, ಅವು ಯಾವುವೂ ಬಾಗಿಲಲ್ಲಿ ಹಿಡಿಸುವಂತಿರಲಿಲ್ಲ. ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳಿಸಿತು.

"ಅಕ್ಕ, ಬಸ್ಸು."

"ಓಗ್ಲಿ." ಮೂಗು ಒರೆಸಿಕೊಂಡಳು. ಗೋಡೆಗೆ ಹೇಳುವವಳಂತೆ ಹೇಳಿದಳು: "ನಂಗೆ ಆ ಕೈ ಸಿಕ್ನಿಲ್ಲ ಕಣ್ಲಾ. ನಾನು ಬರೋವೊತ್ಗೆ ತಣ್ಣಗಾಗಿತ್ತು. ನಿಂಗಾದ್ರೂ ಬಿಸೀದು ಸಿಕ್ತು." ಆಮೇಲೆ ತನ್ನ ಕೈಯನ್ನು ಮುಂದೆ ಚಾಚಿದಳು. "ಹೆಂಗ್ ಒತ್ತುದ್ಲು, ಒತ್ತು."

ಅವನು ಅವಳ ಪಕ್ಕದಲ್ಲಿ ಕೂತ. ಮೇಲೆ ಬಟ್ಟೆ ಇರಲಿಲ್ಲ. ಬೆಳಕಿನಲ್ಲಿ ಕೈ ಹಿಡಿದು ಅಭ್ಯಾಸವಿಲ್ಲದ ಅವನಿಗೆ ತನ್ನ ಬೆರಳುಗಳೇ ನಾಚಿಕೆಗೆಟ್ಟವುಗಳಂತೆ ಕಂಡವು. ಮೂರು ಬೆರಳು ಒತ್ತಿದ. ಬಿಟ್ಟ. ಎರಡು ಒತ್ತಿದ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

"ಇನ್ನೊಂದ್ ಕಿತ."

ಒತ್ತಿದ.

"ಈಗ ಬ್ಯಾರೆ ಥರ ಒತ್ತುದೆ. ಮೊದ್ಲು ಎರಡು, ಆಮೇಲ್ ಮೂರು."

ಅವನು ಬೆರಳುಗಳನ್ನು ನೋಡಿದ. ಮೊದಲು ಮೂರೋ, ಎರಡೋ. ಒಂದೊಂದಾಗಿ ಒತ್ತಿದಳೋ, ಒಟ್ಟಿಗೇ ಹಿಡಿದುಕೊಂಡಳೋ. ಹಿಡಿದ ಬೆರಳನ್ನು ಹತ್ತು ವರ್ಷವಾದರೂ ಮರೆಯುವುದಿಲ್ಲವೆಂದು ಮೂರು ತಾಲೂಕಿಗೆ ಸಾರಿದ್ದವನು ಎಷ್ಟು ತಡಕಿದರೂ ಅಲ್ಲಿ ಒಂದು ಕೈಯ ಬಿಸಿ ಬಿಟ್ಟರೆ ಮತ್ತೇನೂ ಸಿಗಲಿಲ್ಲ.

"ಗೊತ್ತಾಗ್ತಾ ಇಲ್ಲ ಕಣಕ್ಕ" ಎಂದ.

"ಆಗದಿದ್ರೆ ಬುಡು" ಎಂದಳು ಅಕ್ಕ, ಕೈ ಹಿಂದಕ್ಕೆ ತೆಗೆಯದೆ. "ಹೆಂಗಾರ ಒತ್ತು."